ಡ್ರಾಯರ್ ಚಂದ, ಮೇಲ್ಹಲಗೆ ಡೊಂಕು: ನಾನೇ ಮಾಡಿದ ರೂಟರ್ ಟೇಬಲ್‌ಗೆ ಮೂರು ಮಳೆಗಾಲ

2022ರ ಫೆಬ್ರವರಿಯಲ್ಲಿ ಈ ರೂಟರ್ ಟೇಬಲ್ ಮಾಡಿ ಮುಗಿಸಿದೆ. ಆಗಲೇ ಇದರ ಬಗ್ಗೆ ಬರೆದಿದ್ದರೆ ಐದಕ್ಕೆ ಐದು ಸ್ಟಾರ್ ಕೊಡುತ್ತಿದ್ದೆ. ನನ್ನದೇ ಕೈಕೆಲಸ, ಕೊಡದೆ ಇರ್ತೀನಾ? ಈಗ ಮೂರು ಮಳೆಗಾಲ ಕಳೆದಿವೆ. ಅದೂ ಶಿವಮೊಗ್ಗದ ಮಳೆಗಾಲ. ಈಗ ನಿಜ ಹೇಳಬಹುದು.

ರೂಟರ್ ಅಂದರೆ ಮರದಲ್ಲಿ ಗ್ರೂವ್ ಕೊರೆಯುವ, ಅಂಚು ತಿದ್ದುವ ಮಿಶಿನ್. ಕೈಯಲ್ಲಿ ಹಿಡಿದು ಓಡಿಸುವ ಈ ರೂಟರನ್ನು ಮೇಜಿನ ಅಡಿಗೆ ತಲೆಕೆಳಗಾಗಿ ನೇತುಹಾಕಿದರೆ ಅದೇ ರೂಟರ್ ಟೇಬಲ್. ಮರ ಕತ್ತರಿಸುವ ಅಲಗು, ಅಂದರೆ ಬಿಟ್ ಮಾತ್ರ ಮೇಲೆ ಇಣುಕುತ್ತದೆ. ಮಿಶಿನ್ ನಿಂತಲ್ಲೇ ಇರುತ್ತದೆ, ನಾವು ಮರವನ್ನು ತಳ್ಳುತ್ತೇವೆ. ಗಾಜು ಹಿಡಿಯುವ ಬೀಡಿಂಗ್ ಪಟ್ಟಿ, ಕಪಾಟಿನ ಶಟರಿನ ಚೌಕಟ್ಟಿಗೆ ಗ್ರೂವ್, ಅಂಚಿಗೆ ಮೋಲ್ಡಿಂಗ್, ಇಂಥ ಕೆಲಸಕ್ಕೆಲ್ಲ ಇದು ಬೇಕೇ ಬೇಕು. ಸಣ್ಣ ಪಟ್ಟಿಯನ್ನು ಕ್ಲ್ಯಾಂಪ್ ಮಾಡಿ ಅದರ ಮೇಲೆ ರೂಟರ್ ಬ್ಯಾಲೆನ್ಸ್ ಮಾಡಿದವರಿಗೆ ಕಷ್ಟ ಗೊತ್ತು.

ನನ್ನದು 1600 ವ್ಯಾಟಿನ ಪ್ಲಂಜ್ ರೂಟರ್, ಅಂದರೆ ಸ್ಪ್ರಿಂಗ್ ಮೇಲೆ ಮೋಟರನ್ನು ಒತ್ತಿ ಇಳಿಸುವಂಥದ್ದು. ಬಿಟ್ ಹಿಡಿಯುವ ಕಾಲೆಟ್ 12 ಮಿಮೀ, ತೂಕ ಆರು ಕಿಲೋ ಹತ್ತಿರ. ಕ್ಯಾಬಿನೆಟ್ಟಿಗೆ 18 ಮಿಮೀ ಪ್ಲೈವುಡ್, ನೀರು ತಡೆಯುವ ಮರೀನ್ ಪ್ಲೈನ ಐಎಸ್ 710 ಮುದ್ರೆ ಇದ್ದದ್ದು. ಎಂಟು ಅಡಿ ನಾಲ್ಕಡಿಯ ಒಂದು ಶೀಟು ಮತ್ತು ಇನ್ನೊಂದರ ಅರ್ಧ ಹಿಡಿಯಿತು. ಮಧ್ಯದಲ್ಲಿ ರೂಟರ್ ಇರುವ ಪೆಟ್ಟಿಗೆ, ಎರಡೂ ಬದಿಗೆ ಮೂರು ಮೂರು ಡ್ರಾಯರ್, ಟೆಲಿಸ್ಕೋಪಿಕ್ ಚಾನೆಲ್, ಕೆಳಗೆ ನಾಲ್ಕು ಗಾಲಿ. ಎತ್ತರ 36 ಇಂಚು. ಅಡುಗೆಮನೆ ಕಟ್ಟೆಗಿಂತ ಸ್ವಲ್ಪ ಜಾಸ್ತಿ. ಬಿಟ್ ಹತ್ತಿರ ಬಗ್ಗಿ ನೋಡುವ ಕೆಲಸ ಇರುವುದರಿಂದ ಈ ಎತ್ತರ ಸರಿ ಅನ್ನಿಸಿದೆ, ಬೆನ್ನು ಇವತ್ತಿಗೂ ದೂರು ಹೇಳಿಲ್ಲ.

ಅರ್ಧಕ್ಕಿಂತ ಜಾಸ್ತಿ ಸಮಯ ತಿಂದದ್ದು ಆ ಆರು ಡ್ರಾಯರ್. ಮುಂಭಾಗಕ್ಕೆ ಹಲಸಿನ ಹಲಗೆ, ಎಣ್ಣೆ ಪಾಲಿಶ್. ಬಂದವರೆಲ್ಲ ಮೊದಲು ಅದನ್ನೇ ಸವರಿ ನೋಡುತ್ತಾರೆ. ಮೇಲ್ಹಲಗೆಗೆ ಕೊಟ್ಟದ್ದು ಒಂದೇ ಭಾನುವಾರ. ಅಲ್ಲೇ ಎಡವಿದ್ದು.

18 ಮಿಮೀ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಎರಡು ಪದರ ಫೆವಿಕಾಲ್ ಹಾಕಿ ಅಂಟಿಸಿದೆ. ಮೇಲ್ಗಡೆ ಮಾತ್ರ ಒಂದು ಮಿಮೀ ಸನ್ಮೈಕಾ ಹಾಕಿದೆ. ಅಡಿಭಾಗ ಯಾರು ನೋಡ್ತಾರೆ ಅಂತ ಹಾಗೇ ಬಿಟ್ಟೆ. ಜೂನ್, ಜುಲೈ ಕಳೆಯಿತು. ಆಗಸ್ಟಿನಲ್ಲಿ ಅಡುಗೆಮನೆ ಶಟರಿಗೆ ಗ್ರೂವ್ ಹೊಡೆಯುತ್ತಿದ್ದೆ. ಪ್ಯಾನೆಲ್ ಕೂರುತ್ತಿಲ್ಲ. ಅಳೆದರೆ ಪಟ್ಟಿಯ ಎರಡು ತುದಿಯಲ್ಲಿ 9 ಮಿಮೀ ಆಳ, ನಡುವೆ 8. ಬಿಟ್ ಸಡಿಲ ಆಯ್ತೇನೋ ಅಂದುಕೊಂಡೆ. ಕಾಲೆಟ್ ಬಿಗಿ ಮಾಡಿ ಮತ್ತೆ ಹೊಡೆದೆ. ಅದೇ ಕತೆ. ಕೊನೆಗೆ ಅಲ್ಯೂಮಿನಿಯಂ ಬಾಕ್ಸ್ ಪೈಪನ್ನು ಮೇಜಿನ ಮೇಲೆ ಅಡ್ಡ ಇಟ್ಟು ಹಿಂದಿನಿಂದ ಟಾರ್ಚ್ ಬಿಟ್ಟೆ. ನಡುವೆ ಬೆಳಕು ಧಾರಾಳವಾಗಿ ಈಚೆ ಬಂತು.

ಆದದ್ದು ಇಷ್ಟು. ಮೇಲಿನ ಮೈಯನ್ನು ಸನ್ಮೈಕಾ ಮುಚ್ಚಿತ್ತು, ಬೆತ್ತಲಾಗಿದ್ದ ಅಡಿಭಾಗ ತೇವ ಕುಡಿದು ಹಿಗ್ಗಿತು. ಅಡಿ ಹಿಗ್ಗಿದರೆ ಹಲಗೆ ತಟ್ಟೆಯ ಹಾಗೆ ನಡುವೆ ತಗ್ಗಾಗುತ್ತದೆ. ಅದರ ನಡುವಿಗೇ ಆರು ಕಿಲೋ ಮಿಶಿನ್ ಬೇರೆ ಜೋತುಬಿದ್ದಿದೆ. ಉದ್ದ ಪಟ್ಟಿ ಆ ತಗ್ಗಿನ ಮೇಲೆ ಸೇತುವೆ ಹಾಗೆ ನಿಲ್ಲುತ್ತದೆ. ಅದರ ತುದಿ ಮಾತ್ರ ತಗ್ಗಿಗೆ ಇಳಿಯುತ್ತದೆ, ಅಲ್ಲಿ ಬಿಟ್ ಜಾಸ್ತಿ ಕಚ್ಚುತ್ತದೆ.

ಮೇಲ್ಹಲಗೆ ಕಿತ್ತು ಹೊಸದು ಮಾಡಿದೆ. ಈ ಸಲ ಎರಡೂ ಕಡೆ ಸನ್ಮೈಕಾ. ರೂಟರಿಗೆ ಕೊರೆದ ಕಿಂಡಿಯ ಅಂಚಿಗೂ ಮೂರು ಕೋಟು ಪಾಲಿಶ್. ಅಡಿಯಲ್ಲಿ ಅಕೇಶಿಯಾದ ಎರಡು ರೀಪನ್ನು ನೆಟ್ಟಗೆ ನಿಲ್ಲಿಸಿ ಸ್ಕ್ರೂ ಹಾಕಿದೆ. 2023ರಲ್ಲಿ ಮಳೆಯೇ ಕೈಕೊಟ್ಟಿತು, ಹಾಗಾಗಿ ನಿಜವಾದ ಪರೀಕ್ಷೆ ಆದದ್ದು 2024ರ ಜುಲೈನಲ್ಲಿ. ಬಟ್ಟೆ ವಾರಗಟ್ಟಲೆ ಒಣಗದ ದಿನಗಳು. ಅದೇ ಬಾಕ್ಸ್ ಪೈಪ್, ಅದೇ ಟಾರ್ಚ್. ಬೆಳಕು ಈಚೆ ಬರಲಿಲ್ಲ.

ರೂಟರ್ ಹಿಡಿದುಕೊಳ್ಳುವ ಪ್ಲೇಟಿನದೂ ಇದೇ ಹಾಡು. ಮೊದಲು ಆನ್‌ಲೈನಲ್ಲಿ ತರಿಸಿದ ಅಕ್ರಿಲಿಕ್ ಪ್ಲೇಟ್ ಹಾಕಿದ್ದೆ. ನೋಡಲು ಚಂದ. ಆದರೆ ವರ್ಷದೊಳಗೆ ನಡುವೆ ಜಗ್ಗಿತು. ವಾಪಸ್ ಕೇಳಿದರೆ ಹತ್ತು ದಿನದ ಒಳಗೆ ಹೇಳಬೇಕಿತ್ತಂತೆ. ಆಮೇಲೆ ಹಾಕಿದ್ದು 10 ಮಿಮೀ ಹೈಲಂ ಶೀಟು. ಹಳೆ ಸ್ವಿಚ್ ಬೋರ್ಡುಗಳಲ್ಲಿ ಇರುತ್ತಿತ್ತಲ್ಲ, ಅದೇ ಕಂದು ಹಲಗೆ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ತೂಗಿ ಕೊಟ್ಟರು, ನನಗೆ ಬೇಕಾದ ತುಂಡು ಒಂದು ಕಿಲೋ ಬಂತು. ಕೊರೆಯುವಾಗ ವಾಸನೆ ತಲೆ ಕೆಡಿಸುತ್ತದೆ, ಮಾಸ್ಕ್ ಬೇಕು. ನಾಲ್ಕು ಮೂಲೆಗೆ ತಲೆಯಿಲ್ಲದ ನಾಲ್ಕು ಗ್ರಬ್ ಸ್ಕ್ರೂ ಹಾಕಿ ಮೇಜಿನ ಮಟ್ಟಕ್ಕೆ ತಂದೆ. ಅಲ್ಲಿಂದ ಮುಟ್ಟಿಲ್ಲ.

ಇನ್ನೊಂದು ತಪ್ಪು, ಇದು ದುಬಾರಿ ಬಿತ್ತು. ರೂಟರ್ ಇರುವ ಪೆಟ್ಟಿಗೆಯನ್ನು ಧೂಳು ಆಚೆ ಬಾರದ ಹಾಗೆ ಗಟ್ಟಿಯಾಗಿ ಮುಚ್ಚಿದ್ದೆ. ಮಿಶಿನ್ ತನ್ನ ಫ್ಯಾನಿನಿಂದ ಗಾಳಿ ಎಳೆದು ತಂಪಾಗುವುದು ಅನ್ನುವುದೇ ಮರೆತಿದ್ದೆ. ಒಳಗೆ ಹೊಟ್ಟು, ಅದೇ ಹೊಟ್ಟಿನ ಬಿಸಿ ಗಾಳಿ ಸುತ್ತಿ ಸುತ್ತಿ ಮೋಟರಿನೊಳಗೆ. ಎಂಟು ತಿಂಗಳಿಗೆ ಸ್ಪೀಡಿನ ಡಯಲ್ ಜಾಮ್, ಕಾರ್ಬನ್ ಬ್ರಷ್ ಬದಲಿಸಬೇಕಾಯಿತು. ಈಗ ಬಾಗಿಲಿನ ಕೆಳಭಾಗದಲ್ಲಿ ಒಂದಿಂಚಿನ ಹನ್ನೆರಡು ತೂತು ಇವೆ. ಹಿಂದೆ ವ್ಯಾಕ್ಯೂಮಿನ ಪೈಪ್. ಗಾಳಿ ಮುಂದಿನಿಂದ ಒಳಗೆ, ಹೊಟ್ಟಿನ ಸಮೇತ ಹಿಂದಿನಿಂದ ಆಚೆ. ಮರವನ್ನು ಒತ್ತಿ ಸಾಗಿಸುವ ಅಡ್ಡಪಟ್ಟಿ, ಅಂದರೆ ಫೆನ್ಸ್, ಅದರ ಹಿಂದಿನಿಂದಲೂ ಒಂದು ಪೈಪ್ ಎಳೆದು ವೈ ಜೋಡಣೆ ಕೊಟ್ಟಿದ್ದೇನೆ. ನಡುವೆ ಇಪ್ಪತ್ತು ಲೀಟರಿನ ಪೇಂಟ್ ಬಕೆಟ್ಟಿನ ಮೇಲೆ ಕೂರಿಸಿದ ಸೈಕ್ಲೋನ್, ಗಾಳಿಯಿಂದ ಹೊಟ್ಟು ಬೇರೆ ಮಾಡುವ ಶಂಕು. ಹೊಟ್ಟು ಬಹುಪಾಲು ಬಕೆಟ್ಟಿಗೇ ಬೀಳುತ್ತದೆ.

ಒಂದು ಸಂಜೆ ಅರ್ಧ ಪಟ್ಟಿ ತಳ್ಳುವಾಗ ಕರೆಂಟು ಹೋಯಿತು. ಕಾಫಿ ಕುಡಿದು ಬರೋಣ ಅಂತ ಒಳಗೆ ಹೋದೆ. ಲೋಟ ಇನ್ನೂ ಕೈಯಲ್ಲಿತ್ತು, ಶೆಡ್ಡಿನಿಂದ ರೂಟರ್ ಕಿರುಚಿತು. ಕರೆಂಟು ಬಂದಿತ್ತು, ಸ್ವಿಚ್ ಆನ್ ಆಗಿಯೇ ಇತ್ತು. ಹತ್ತಿರ ಯಾರೂ ಇರಲಿಲ್ಲ, ಪುಣ್ಯ. ಮಾರನೇ ದಿನವೇ ನೋ ವೋಲ್ಟ್ ಸ್ವಿಚ್ ತಂದು ಹಾಕಿದೆ. ಕರೆಂಟು ಹೋದರೆ ಅದು ಬಿಟ್ಟುಕೊಳ್ಳುತ್ತದೆ, ನಾವೇ ಹಸಿರು ಗುಂಡಿ ಒತ್ತುವವರೆಗೆ ಶುರುವಾಗುವುದಿಲ್ಲ. ಇಡೀ ಟೇಬಲ್ಲಿಗೆ ಏನೂ ಖರ್ಚು ಮಾಡಬೇಡಿ, ಇದಕ್ಕೆ ಮಾಡಿ.

ಹಾಗಂತ ಎಲ್ಲವೂ ಎಡವಟ್ಟಲ್ಲ. ಲಿಫ್ಟ್ ನನಗೆ ತುಂಬಾ ಇಷ್ಟ. ರೂಟರಿನ ಸ್ಪ್ರಿಂಗ್ ತೆಗೆದು, ಅಡಿಯಿಂದ ಎಂ10 ಥ್ರೆಡ್ ರಾಡಿನಲ್ಲಿ ಎತ್ತಿ ಇಳಿಸುವ ವ್ಯವಸ್ಥೆ. ಎಂ10 ರಾಡಿನ ಒಂದು ಸುತ್ತಿಗೆ 1.5 ಮಿಮೀ. ಹಿಡಿಯ ಹಿಂದಿನ ಪ್ಲೈ ಬಿಲ್ಲೆಗೆ ಹದಿನೈದು ಗೆರೆ ಎಳೆದೆ. ಒಂದು ಗೆರೆ ಸರಿಸಿದರೆ 0.1 ಮಿಮೀ. ನಟ್ಟಿನಲ್ಲಿ ಚೂರು ಆಟ ಇದೆ, ಹಾಗಾಗಿ ಯಾವಾಗಲೂ ಬೇಕಾದ್ದಕ್ಕಿಂತ ಕೆಳಗೆ ಇಳಿಸಿ ಮೇಲೆ ತರುತ್ತೇನೆ. ಮೂರು ವರ್ಷದಲ್ಲಿ ಎರಡು ಸಲ ಗ್ರೀಸ್ ಹಚ್ಚಿದ್ದು ಬಿಟ್ಟರೆ ಬೇರೇನೂ ಕೇಳಿಲ್ಲ.

ಬಿಟ್ ಇಡುವ ಡ್ರಾಯರ್ ಮಾತ್ರ ಕೆಲಸಕ್ಕೆ ಬಂದಿದೆ. ಅದರಲ್ಲೂ ಮೊದಲು ಮರದ ದಿಮ್ಮಿಗೆ ತೂತು ಕೊರೆದು ಬಿಟ್ ನಿಲ್ಲಿಸಿದ್ದೆ. ಮಳೆಗಾಲಕ್ಕೆ ಮರ ತೇವ ಹಿಡಿದು ಬಿಟ್ಟಿನ ಶ್ಯಾಂಕ್ (ಕಾಲೆಟ್ಟಿಗೆ ಸಿಕ್ಕಿಸುವ ಕಾಂಡ) ಮೇಲೆಲ್ಲ ಕೇಸರಿ ಚುಕ್ಕೆ. ಈಗ ಅಡುಗೆಮನೆಯಿಂದ ರಿಟೈರಾದ ಪ್ಲಾಸ್ಟಿಕ್ ತರಕಾರಿ ಮಣೆಯಲ್ಲಿ ತೂತು ಇವೆ, ಹೊಲಿಗೆ ಮಿಶಿನ್ ಎಣ್ಣೆ ಒಂದು ಹನಿ. ತುಕ್ಕು ನಿಂತಿದೆ. ಮಿಕ್ಕ ಐದು ಡ್ರಾಯರಿನಲ್ಲಿ ಏನಿದೆ ಅಂತ ನನಗೇ ಗೊತ್ತಿಲ್ಲ. ಚಾನೆಲ್ಲಿಗೆ ಹೊಟ್ಟು ಕೂತು ಎರಡು ಡ್ರಾಯರ್ ಒದ್ದರೆ ಮಾತ್ರ ತೆರೆಯುತ್ತವೆ. ಗಾಲಿಗಳೂ ವೇಸ್ಟ್. ಲಾಕ್ ಹಾಕಿದರೂ ಉದ್ದ ಪಟ್ಟಿ ತಳ್ಳುವಾಗ ಟೇಬಲ್ ಮೆಲ್ಲಗೆ ಜರುಗುತ್ತದೆ. ಮುಂದಿನ ಎರಡು ಕಿತ್ತು ಮರದ ಕಾಲು ಕೊಟ್ಟೆ.

ಬರೀ ಟ್ರಿಮ್ಮರ್, ಅಂದರೆ ಸಣ್ಣ ರೂಟರ್ ಇಟ್ಟುಕೊಂಡು ವರ್ಷಕ್ಕೆ ನಾಲ್ಕು ಫೋಟೋ ಫ್ರೇಮ್ ಮಾಡುವವರಿಗೆ ಇಷ್ಟು ದೊಡ್ಡ ಪೆಟ್ಟಿಗೆ ಬೇಡವೇ ಬೇಡ. ಎರಡಡಿ ಪ್ಲೈ ತುಂಡಿನ ಅಡಿಗೆ ಮಿಶಿನ್ ಬಿಗಿದು ಎರಡು ಸ್ಟೂಲಿನ ಮೇಲೆ ಇಟ್ಟರೆ ಸಾಕು.

ನಮ್ಮ ಬೀದಿಯ ಆಚಾರ್ರು ಮೊದಲ ಸಲ ನೋಡಿದಾಗ, "ಮಿಶಿನ್ನಿಗೆ ಶೀರ್ಷಾಸನ ಹಾಕ್ಸಿದೀರಲ್ಲ ಸಾರ್" ಅಂದಿದ್ದರು. ತಾವೇ ಒಂದು ಪಟ್ಟಿ ಎಡದಿಂದ ತಳ್ಳಿದರು, ಬಿಟ್ ಅದನ್ನು ಕೈಯಿಂದ ಕಿತ್ತು ಗೋಡೆಗೆ ಎಸೆಯಿತು. ಇಲ್ಲಿ ಬಲದಿಂದ ಎಡಕ್ಕೇ ತಳ್ಳಬೇಕು. ಅವತ್ತಿನಿಂದ ಫೆನ್ಸ್ ಮೇಲೆ ಮಾರ್ಕರಿನಲ್ಲಿ ಬಾಣದ ಗುರುತು ಇದೆ. ಈಗ ಕಿಟಕಿ ಬೀಡಿಂಗ್ ಇದ್ದಾಗಲೆಲ್ಲ ಭಾನುವಾರ ಪಟ್ಟಿಗಳ ಕಟ್ಟು ಹೊತ್ತು ಬರುತ್ತಾರೆ. ಕಳೆದ ವಾರ ತಮಗೂ ಒಂದು ಮಾಡಿಕೊಳ್ಳಬೇಕು ಅಂತ ಅಳತೆ ತೆಗೆದುಕೊಂಡರು. ಮೇಲ್ಹಲಗೆ, ಹೈಲಂ ಪ್ಲೇಟು, ಲಿಫ್ಟು, ಸ್ವಿಚ್ಚು, ಎಲ್ಲ ಬರೆದುಕೊಂಡರು. ಡ್ರಾಯರ್ ಅಳತೆ ಹೇಳಲಾ ಅಂದೆ.

"ಅದು ಬ್ಯಾಡ ಬಿಡಿ ಸಾರ್. ವೆಲ್ಡಿಂಗ್ ಅಂಗಡೀಲಿ ಒಂದು ಸ್ಟ್ಯಾಂಡ್ ಹೊಡೆಸ್ಕೊಂತೀನಿ."