ನಾಲ್ಕು ಮಳೆಗಾಲ ಕಿಸೆಯಲ್ಲಿದ್ದ ಫಿಜೆಟ್ ಕ್ಯೂಬ್

ನನ್ನ ಕೈಗೆ ಸುಮ್ಮನಿರಲು ಬಾರದು. ಬಸ್ ಟಿಕೆಟ್ ಇಳಿಯುವ ಹೊತ್ತಿಗೆ ಹುಡಿಯಾಗಿರುತ್ತದೆ. ಸ್ಟೇಪ್ಲರ್ ಪಿನ್ನನ್ನು ನೆಟ್ಟಗೆ ಮಾಡುತ್ತೇನೆ, ಮತ್ತೆ ಬಗ್ಗಿಸುತ್ತೇನೆ. ಬಾಲ್‌ಪೆನ್ನಿನ ಬೆನ್ನು ಒತ್ತಿ ಒತ್ತಿ ಪಕ್ಕದ ಮೇಜಿನವರ ಶಾಪಕ್ಕೂ ಗುರಿಯಾಗಿದ್ದೇನೆ. ಕೆಲಸ ಉಡುಪಿಯ ಕಲ್ಸಂಕದ ಹತ್ತಿರ, ಒಂದು ಲೆಕ್ಕಪರಿಶೋಧಕರ ಕಚೇರಿಯಲ್ಲಿ. 2021ರ ನವೆಂಬರಿನ ಒಂದು ಮಧ್ಯಾಹ್ನ ಫೋನಿನಲ್ಲಿ ಮಾತಾಡುತ್ತಾ ಕಕ್ಷಿದಾರರ ಅಸಲು ಬಿಲ್ಲಿನ ಮೂಲೆಯನ್ನು, ಮೊತ್ತದ ಅಂಕಿಯವರೆಗೂ, ಚೂರು ಚೂರು ಮಾಡಿಬಿಟ್ಟೆ. ಅಂದು ಸಂಜೆಯೇ ಸರ್ವಿಸ್ ಬಸ್ ನಿಲ್ದಾಣದ ಹತ್ತಿರದ ಫ್ಯಾನ್ಸಿ ಅಂಗಡಿಯಲ್ಲಿ 180 ರೂಪಾಯಿ ಕೊಟ್ಟು ಈ ಫಿಜೆಟ್ ಕ್ಯೂಬನ್ನು, ಅಂದರೆ ಬೆರಳಾಡಿಸಲೆಂದೇ ಮಾಡಿದ ಪುಟ್ಟ ಪೆಟ್ಟಿಗೆಯನ್ನು, ತಂದೆ.

ಇದು ಅಸಲಿಯಲ್ಲ, ನಕಲು. ಅಮೆರಿಕದ ಆಂಟ್ಸಿ ಲ್ಯಾಬ್ಸ್ ಎಂಬ ಕಂಪನಿ 2016ರಲ್ಲಿ, ಜನರಿಂದ ಮುಂಗಡ ದುಡ್ಡು ಎತ್ತುವ ಜಾಲತಾಣ ಕಿಕ್‌ಸ್ಟಾರ್ಟರ್‌ನಲ್ಲಿ 15 ಸಾವಿರ ಡಾಲರ್ ಕೇಳಿ 64 ಲಕ್ಷ ಡಾಲರಿಗೂ ಹೆಚ್ಚು ಪಡೆದದ್ದು ಇದರ ಮೂಲಕ್ಕಾಗಿ. ಅವರ ಮಾಲು ದುಡ್ಡು ಕೊಟ್ಟವರ ಕೈ ಸೇರುವ ಮೊದಲೇ ನಕಲುಗಳು ಪೇಟೆಗಿಳಿದಿದ್ದವು. ಹಾಗಾಗಿ ಮುಂದೆ ಹೇಳುವ ದೂರುಗಳೆಲ್ಲ ಹೆಸರಿಲ್ಲದ ನನ್ನ ಈ ಕಪ್ಪು ಪೆಟ್ಟಿಗೆಯ ಮೇಲಿನವು.

ಒಂದೊಂದು ಬದಿ ಮೂರು ಚಿಲ್ಲರೆ ಸೆಂಟಿಮೀಟರ್. ಆರು ಮುಖ, ಆರು ಬಗೆಯ ಆಟ. ಒಂದರಲ್ಲಿ ಐದು ಗುಂಡಿ. ಅವುಗಳಲ್ಲಿ ಮೂರು ಸದ್ದು ಮಾಡುತ್ತವೆ, ಎರಡು ಮಾಡುವುದಿಲ್ಲ. ಇನ್ನೊಂದರಲ್ಲಿ ಲೈಟಿನ ಸ್ವಿಚ್ಚಿನಂಥದ್ದು. ಒಂದರಲ್ಲಿ ವಿಡಿಯೊ ಗೇಮಿನ ಕೋಲು, ಒಂದರಲ್ಲಿ ತಿರುಗುವ ಬಿಲ್ಲೆ, ಒಂದರಲ್ಲಿ ಮೂರು ಹಲ್ಲುಚಕ್ರ ಮತ್ತು ಒಂದು ಗುಂಡು. ಆರನೆಯ ಮುಖದಲ್ಲಿ ಏನೂ ಇಲ್ಲ, ಹೆಬ್ಬೆರಳು ಕೂರುವಷ್ಟು ಒಂದು ಕುಳಿ ಮಾತ್ರ. ಕೊಂಡ ದಿನ ಈ ಕುಳಿಯನ್ನು ನೋಡಿ, ತಯಾರಿಸುವವನಿಗೆ ಉಪಾಯ ಮುಗಿದಿರಬೇಕು ಎಂದು ನಕ್ಕಿದ್ದೆ.

ಮೊದಲ ವಾರ ಗುಂಡಿಗಳದ್ದೇ ಕಾರುಬಾರು. ಎರಡನೆಯ ವಾರ ಎದುರು ಮೇಜಿನ ಹಿರಿಯರು ಕನ್ನಡಕ ತೆಗೆದು, "ಮಾರಾಯರೇ, ಪೆನ್ನೇ ವಾಸಿಯಿತ್ತು" ಎಂದರು. ಸದ್ದಿಲ್ಲದ ಎರಡು ಗುಂಡಿಗಳಿಗೆ ಬದಲಾದೆ. ಅವು ಒತ್ತಿದರೆ ಒತ್ತಿದಂತೆಯೇ ಇಲ್ಲ, ಸಕ್ಕರೆ ಹಾಕದ ಚಹಾದ ಹಾಗೆ.

ಮಳೆಗಾಲ ಬಂದ ಮೇಲೆ ನಿಜವಾದ ಪರೀಕ್ಷೆ. ನಮ್ಮ ಕರಾವಳಿಯಲ್ಲಿ ಜೂನ್ ಹಿಡಿದರೆ ಚಪ್ಪಲಿಯೂ ಬೂಸಲು ಹಿಡಿಯುತ್ತದೆ. ಎರಡನೆಯ ಮಳೆಗಾಲಕ್ಕೆ ಇದರ ಮೈಮೇಲಿನ ರಬ್ಬರಿನಂಥ ಮೃದು ಲೇಪ ಹಲಸಿನ ಮೇಣದಂತೆ ಅಂಟತೊಡಗಿತು. ಕಿಸೆಯ ನೂಲು, ಬಸ್ ಟಿಕೆಟಿನ ಹುಡಿ, ಎಲ್ಲವೂ ಅದಕ್ಕೆ ಮೆತ್ತಿಕೊಂಡವು. ಇಂಥ ಪಾಲಿಯುರೆಥೇನ್ ಲೇಪಗಳನ್ನು ಗಾಳಿಯ ತೇವವೇ ನಿಧಾನವಾಗಿ ಒಡೆಯುತ್ತದಂತೆ, ಕೈಬೆವರು ಬೇರೆ. ಕೋವಿಡ್ ಕಾಲದಲ್ಲಿ ತಂದು ಉಳಿದಿದ್ದ, ನೀರಿನಂಥ ಸ್ಯಾನಿಟೈಸರನ್ನು ಹಳೆ ಬನಿಯನ್ನಿನ ತುಂಡಿಗೆ ಹಾಕಿ ಅರ್ಧ ಗಂಟೆ ಉಜ್ಜಿದೆ. ಲೇಪವೆಲ್ಲ ಕಪ್ಪು ಕೊಳೆಯಾಗಿ ಎದ್ದುಬಂದು ಒಳಗಿನ ಗಟ್ಟಿ ಪ್ಲಾಸ್ಟಿಕ್ ಕಾಣಿಸಿತು. ಅಂದಿನಿಂದ ಅಂಟಿಲ್ಲ. ಹೊಸದಾಗಿ ಕೊಳ್ಳುವವರು ಮೃದು ಲೇಪದ್ದನ್ನು ಮುಟ್ಟಲೇಬೇಡಿ, ಕೈಗೆ ಎಷ್ಟೇ ಹಿತವೆನಿಸಲಿ.

ಮೂರನೆಯ ಮಳೆಗಾಲದಲ್ಲಿ ಸ್ವಿಚ್ಚು ಅಲುಗದಾಯಿತು. ಸಂದಿಗೆ ಬ್ಲೇಡು ತೂರಿಸಿ ಬಿಚ್ಚಿದರೆ ಅಕ್ಕಿಕಾಳಿನಷ್ಟು ಸ್ಪ್ರಿಂಗು ತುಕ್ಕು ಹಿಡಿದು ಕೆಂಪಾಗಿ ಕುಳಿತಿತ್ತು. ಹೊಲಿಗೆ ಯಂತ್ರದ ಎಣ್ಣೆ ಒಂದು ತೊಟ್ಟು ಬಿಟ್ಟೆ. ಎರಡು ತಿಂಗಳು ನಡೆದು ಮತ್ತೆ ನಿಂತಿತು. ಕೋಲು ಅದಕ್ಕೂ ಮೊದಲೇ ಕಿತ್ತುಬಂದಿತ್ತು.

ಅಮ್ಮನಿಗೆ ಈ ಪೆಟ್ಟಿಗೆಯ ಮೇಲೆ ಮೊದಲಿನಿಂದಲೂ ತಾತ್ಸಾರ. ನಮ್ಮದು ಶಂಕರಪುರದ ಕಡೆ, ಅಂಗಳದ ತುಂಬ ಮಲ್ಲಿಗೆ. ಅವಳು ಬಾಳೆ ನಾರಿನಲ್ಲಿ ಮೊಗ್ಗು ಕಟ್ಟಲು ಕುಳಿತಳೆಂದರೆ 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. "ಕೈಗೆ ಕೆಲಸ ಬೇಕಾದರೆ ಇಲ್ಲಿ ಬಂದು ಕುಳಿತುಕೋ" ಎಂದಳು. ಒಂದು ಭಾನುವಾರ ಕುಳಿತೆ. ಮೊಗ್ಗುಗಳ ತಲೆ ಸರಿಸಮ ಬರಬೇಕು, ನಾರು ಬಿಗಿಯಾದರೆ ತೊಟ್ಟು ಮುರಿಯುತ್ತದೆ, ಎಣಿಕೆ ತಪ್ಪಬಾರದು. ಅರ್ಧ ಗಂಟೆಯಲ್ಲಿ ಪಕ್ಕದಲ್ಲಿ ಯಾರು ಏನು ಮಾತಾಡಿದರೆಂದು ಒಂದೂ ನೆನಪಿಲ್ಲ. ನನಗೆ ಬೇಕಾದದ್ದು ಇದಕ್ಕೆ ತದ್ವಿರುದ್ಧ: ಕಣ್ಣನ್ನಾಗಲಿ ತಲೆಯನ್ನಾಗಲಿ ಕೇಳದೆ ಬೆರಳನ್ನಷ್ಟೇ ಹಿಡಿದಿಡುವ ವಸ್ತು. 2017ರಲ್ಲಿ ಮಕ್ಕಳ ಕೈಯಲ್ಲೆಲ್ಲ ಗಿರಗಿರ ಸುತ್ತುತ್ತಿದ್ದ ಸ್ಪಿನ್ನರ್ ನನಗೆ ಒಗ್ಗದಿದ್ದದ್ದೂ ಇದಕ್ಕೇ. ಅದು ಸುತ್ತುವಾಗ ನೋಡದಿರಲು ಆಗುವುದಿಲ್ಲ.

ಬ್ರಿಟನ್ನಿನ ಪ್ಲಿಮತ್ ವಿಶ್ವವಿದ್ಯಾಲಯದ ಜಾಕಿ ಆಂಡ್ರೇಡ್ 40 ಜನರಿಗೆ ಒಂದು ನೀರಸ ಫೋನ್ ಸಂದೇಶ ಕೇಳಿಸಿದ್ದರು. ಕೇಳುತ್ತಲೇ ಕಾಗದದ ಮೇಲಿನ ಆಕೃತಿಗಳಿಗೆ ಪೆನ್ಸಿಲಿನಿಂದ ಬಣ್ಣ ತುಂಬಿದವರು, ಸುಮ್ಮನೆ ಕೇಳಿದವರಿಗಿಂತ ಶೇ. 29ರಷ್ಟು ಹೆಚ್ಚು ನೆನಪಿಟ್ಟುಕೊಂಡರು. ಅದು ಗೀಚುವುದರ ಪರೀಕ್ಷೆ, ನನ್ನ ಪೆಟ್ಟಿಗೆಯದ್ದಲ್ಲ. ಆದರೂ ಕಕ್ಷಿದಾರರು ಫೋನಿನಲ್ಲಿ ಇಪ್ಪತ್ತು ನಿಮಿಷ ಅಂಕಿ ಓದುವಾಗ ಹೆಬ್ಬೆರಳು ಕುಳಿಯಲ್ಲಿದ್ದರೆ ನಾನು ಮತ್ತೊಮ್ಮೆ ಕೇಳುವುದು ಕಡಿಮೆ.

ಹೌದು, ನಕ್ಕಿದ್ದ ಆ ಕುಳಿಯೇ ಉಳಿದದ್ದು. ಕೆಡುವುದಕ್ಕೆ ಅದರಲ್ಲಿ ಏನೂ ಇಲ್ಲವಲ್ಲ. ಕಟಪಾಡಿಯಿಂದ ಉಡುಪಿಯವರೆಗೆ ಬಸ್ಸಿನಲ್ಲಿ ಒಂದು ಕೈ ಕಂಬಿಯ ಮೇಲೆ, ಇನ್ನೊಂದು ಕಿಸೆಯಲ್ಲಿ, ಹೆಬ್ಬೆರಳು ಕುಳಿಯಲ್ಲಿ. ಟಿಕೆಟ್ ಈಗ ಕಚೇರಿಯವರೆಗೂ ಇಡಿಯಾಗಿ ಬರುತ್ತದೆ.

"ಇದಕ್ಕೆ ದುಡ್ಡು ಯಾಕೆ, ನಾಲ್ಕು ಮಂಜೊಟ್ಟಿ ಕಿಸೆಯಲ್ಲಿಟ್ಟುಕೊಳ್ಳಿ" ಎನ್ನುವವರು ನಮ್ಮ ಊರಿನಲ್ಲಿ ಬೇಕಾದಷ್ಟಿದ್ದಾರೆ. ಇಟ್ಟು ನೋಡಿದೆ. ಆಟಿ ತಿಂಗಳ ಮಳೆಯಲ್ಲಿ ಆಡುವ, ಗುಳಿಗಳಿರುವ ಮರದ ಚೆನ್ನೆಮಣೆಯಿಂದ ಒಂದು ಗುಳಿಯ ಪಾಲು, ಕೆಂಪು ಕೆಂಪಾದ ನಾಲ್ಕು ಕಾಳು. ಬೆರಳ ನಡುವೆ ಜಾರುವ ಸುಖವೇನೋ ದೊಡ್ಡದು. ಆದರೆ ಚಿಲ್ಲರೆ ತೆಗೆಯುವಾಗ ಎರಡು ಬಸ್ಸಿನಲ್ಲಿ ಉದುರಿದವು, ಒಂದು ಬಟ್ಟೆ ಒಗೆಯುವ ಯಂತ್ರಕ್ಕೆ ಹೋಯಿತು. ಮಣೆಯಲ್ಲಿ 56ರ ಬದಲು 53 ಆದದ್ದಕ್ಕೆ ಮನೆಯಲ್ಲಿ ಇನ್ನೂ ಮಾತು ಕೇಳುತ್ತಿದ್ದೇನೆ.

ಐದಕ್ಕೆ ಮೂರು ನಕ್ಷತ್ರ ಕೊಡುತ್ತೇನೆ. ಉಗುರು ಕಚ್ಚುವುದು ಇದರಿಂದ ನಿಲ್ಲಲಿಲ್ಲ, ಅದು ಹಲ್ಲಿನ ಚಟ. ಮೊನ್ನೆ ಅದೇ ಅಂಗಡಿಯಲ್ಲಿ ಹೊಸದರ ಬೆಲೆ ಕೇಳಿದೆ, 250 ಎಂದರು. ತಿರುಗಿಸಿ ನೋಡಿದರೆ ಅದೇ ಮೃದು ಲೇಪ. ಹಾಗೆಯೇ ಇಟ್ಟು ಬಂದೆ.