ಕೆರಾಟಿನ್ ಟ್ರೀಟ್‌ಮೆಂಟೋ, ರೀಬಾಂಡಿಂಗೋ?

ಕೂದಲು ನುಣುಪಾಗಬೇಕು, ಅಲ್ವಾ? ಎರಡರಲ್ಲೂ ಆಗುತ್ತದೆ. ಆದರೆ ಒಳಗೆ ನಡೆಯುವುದೇ ಬೇರೆ.

ಕೂದಲು ಬಹುಪಾಲು ಕೆರಾಟಿನ್ ಪ್ರೋಟೀನ್. ಅದರ ಎಳೆಗಳನ್ನು ಗಂಧಕದ ಕೊಂಡಿಗಳು ಬಿಗಿದಿಟ್ಟಿರುತ್ತವೆ. ರೀಬಾಂಡಿಂಗ್‌ನಲ್ಲಿ ಈ ಕೊಂಡಿಗಳನ್ನೇ ಮುರಿದು, ಕೂದಲನ್ನು ನೇರ ಮಾಡಿ, ಮತ್ತೆ ಬೆಸೆಯುತ್ತಾರೆ. ಹಾಗಾಗಿ ಅದು ಶಾಶ್ವತ. ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುವ ಹೊಸ ಕೂದಲು ಮಾತ್ರ ಹಳೆಯ ಗುಂಗುರನ್ನೇ ತರುತ್ತದೆ.

ಕೆರಾಟಿನ್ ಟ್ರೀಟ್‌ಮೆಂಟ್ ಕೆಲವೇ ತಿಂಗಳು. ಹೆಸರಿಗೆ ಮರುಳಾಗಬೇಡಿ. ಕೂದಲನ್ನು ನೇರ ಮಾಡುವುದು ಬಾಟಲಿಯ ಕೆರಾಟಿನ್ ಅಲ್ಲ, ಜೊತೆಗಿರುವ ರಾಸಾಯನಿಕ ಮತ್ತು ಬಿಸಿ ಇಸ್ತ್ರಿ. ಕೆಲವು ಬ್ರ್ಯಾಂಡ್‌ಗಳಿಂದ ಫಾರ್ಮಾಲ್ಡಿಹೈಡ್ ಎಂಬ ಅನಿಲ ಹೊರಬರುತ್ತದೆ. ಅದು ಕ್ಯಾನ್ಸರ್‌ಕಾರಕ. ಕಣ್ಣು ಉರಿದರೆ ಎದ್ದು ಬಂದುಬಿಡಿ, ದಯವಿಟ್ಟು.

ಬ್ಲೀಚ್ ಮಾಡಿದ, ತುಂಡಾಗುವ ಕೂದಲಿಗೆ ರೀಬಾಂಡಿಂಗ್ ಬೇಡವೇ ಬೇಡ. ಬರೀ ಸಿಕ್ಕಿನ ಕಾಟವಾದರೆ ಸುಮ್ನೆ ಒಳ್ಳೆಯ ಕಂಡೀಷನರ್ ಸಾಕು.