ಹಳೇ ಕಂಪ್ಯೂಟರ್‌ಗೆ ಪಪ್ಪಿ ಲಿನಕ್ಸ್: ಹಾಕಿಕೊಳ್ಳಿ, ಆದರೆ ಬ್ರೌಸರ್ ಮಾತ್ರ ರೂಟ್ ಆಗಿ ಓಡಬಾರದು

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ನಮ್ಮ ಭಾವನ ಜೆರಾಕ್ಸ್ ಅಂಗಡಿ ಇದೆ. ಪಹಣಿ ತೆಗೆದುಕೊಡುವುದು, ಸೇವಾ ಸಿಂಧು ಅರ್ಜಿ, ಮಕ್ಕಳ ಎಸ್‌ಎಸ್‌ಪಿ ಸ್ಕಾಲರ್‌ಶಿಪ್, ದಿನವೆಲ್ಲ ಇದೇ ಕೆಲಸ. ಅಲ್ಲಿನ ಒಂದು ಕಂಪ್ಯೂಟರ್‌ನಲ್ಲಿ ಇರುವುದು 2 ಜಿಬಿ ರ‍್ಯಾಮ್ ಅಷ್ಟೇ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್‌ನಲ್ಲಿ ಮುಗಿಯಿತು, ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಬೇಕು. ಓಡುತ್ತಿರುವ ಮೆಷಿನ್ನನ್ನು ಸುಮ್ನೆ ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ. ಪಪ್ಪಿ ಲಿನಕ್ಸ್ ಹಾಕಿದೆವು, ವಿಂಡೋಸ್ ಜಾಗದಲ್ಲಿ ಹಾಕಬಹುದಾದ ಹಗುರ ಆಪರೇಟಿಂಗ್ ಸಿಸ್ಟಮ್ ಇದು. ನಮ್ಮದು ಡೆಬಿಯನ್ ಎಂಬ ಇನ್ನೊಂದು ಲಿನಕ್ಸ್‌ನ 12ನೇ ಆವೃತ್ತಿಯ ಪ್ಯಾಕೇಜ್‌ಗಳಿಂದ ಕಟ್ಟಿದ ಬುಕ್‌ವರ್ಮ್‌ಪಪ್64.

ಹಗುರ ಅಂದರೆ ನಿಜಕ್ಕೂ ಹಗುರ. ಮೆನು ಒತ್ತಿದರೆ ತಕ್ಷಣ ತೆರೆಯುತ್ತದೆ, ಪಿಡಿಎಫ್ ತೆರೆದಿಟ್ಟುಕೊಂಡೇ ಅರ್ಜಿ ತುಂಬಬಹುದು. ಟ್ಯಾಬ್ ಜಾಸ್ತಿಯಾದರೆ ಏದುಸಿರು ಬಿಡುತ್ತದೆ, 2 ಜಿಬಿಯಲ್ಲಿ ಅದಕ್ಕಿಂತ ಏನು ಕೇಳೋಣ.

ಈಗ ಮುಖ್ಯ ವಿಷಯ. 2003ರಲ್ಲಿ ಆಸ್ಟ್ರೇಲಿಯಾದ ಬ್ಯಾರಿ ಕಾಲರ್ ಶುರು ಮಾಡಿದಾಗಿನಿಂದಲೂ ಪಪ್ಪಿಯಲ್ಲಿ ನೀವು ರೂಟ್, ಅಂದರೆ ಪೂರ್ತಿ ಅಧಿಕಾರ ಇರುವ ಬಳಕೆದಾರ. ಪಾಸ್‌ವರ್ಡ್ ಕೇಳುವುದಿಲ್ಲ, ಏನು ಬೇಕಾದರೂ ಮಾಡಬಹುದು. ಇದನ್ನು ಕೇಳಿದ ತಕ್ಷಣ ಬೈಯುವವರಿದ್ದಾರೆ, ನಾನು ಬೈಯುವುದಿಲ್ಲ. ಪಪ್ಪಿಯ ಮೂಲ ಫೈಲುಗಳು ಓದಲು ಮಾತ್ರ ಬರುವ ಒಂದು ಕಟ್ಟಿನಲ್ಲಿರುತ್ತವೆ, ನಮ್ಮ ಬದಲಾವಣೆಗಳು ಬೇರೆ ಸೇವ್ ಫೈಲಿನಲ್ಲಿ. ಸಿಸ್ಟಮ್ ಕೆಟ್ಟರೆ ಸೇವ್ ಫೈಲ್ ಬಿಟ್ಟು ಬೂಟ್ ಮಾಡಿದರೆ ಮತ್ತೆ ಹೊಸದು. ಆದರೆ ಹೋದ ಮಾಹಿತಿ ಹಾಗೆ ವಾಪಸ್ ಬರುತ್ತದಾ? ಬ್ರೌಸರ್ ರೂಟ್ ಆಗಿದ್ದಾಗ ಯಾವುದೋ ಕೆಟ್ಟ ಪುಟ ಅದರೊಳಗೆ ತೂರಿಕೊಂಡರೆ, ಸಿಸ್ಟಮ್‌ಗೆ ಜೋಡಿಸಿ ತೆರೆದಿಟ್ಟ ಹಾರ್ಡ್ ಡಿಸ್ಕ್, ಗಿರಾಕಿಯ ಪೆನ್‌ಡ್ರೈವ್, ಸ್ಕ್ಯಾನ್ ಮಾಡಿಟ್ಟ ಆಧಾರ್ ಕಾರ್ಡ್, ಎಲ್ಲವೂ ಅದರ ಕೈಗೆ ಸಿಕ್ಕಿಬಿಡುತ್ತದೆ. ಊರಿನವರು ನಂಬಿ ಕೊಟ್ಟ ಕಾಗದಪತ್ರ ಅದು.

ಇದಕ್ಕೆ ಪಪ್ಪಿಯಲ್ಲೇ ಉತ್ತರ ಇದೆ. ಸ್ಪಾಟ್ ಎಂಬ ಇನ್ನೊಬ್ಬ ಬಳಕೆದಾರ, ಅಧಿಕಾರ ಕಡಿಮೆ. ಮೆನುವಿನ ಲಾಗಿನ್ ಅಂಡ್ ಸೆಕ್ಯುರಿಟಿ ಮ್ಯಾನೇಜರ್‌ಗೆ ಹೋಗಿ ಬ್ರೌಸರ್ ಹೆಸರಿನ ಮುಂದೆ ಟಿಕ್ ಹಾಕಿದರೆ ಅದು ಸ್ಪಾಟ್ ಆಗಿ ಓಡುತ್ತದೆ. ಟರ್ಮಿನಲ್‌ನಿಂದಾದರೆ ರನ್-ಆಸ್-ಸ್ಪಾಟ್ (run-as-spot) ಕಮಾಂಡ್ ಇದೆ. ಹಾಕಿ ಸುಮ್ಮನಾಗಬೇಡಿ, ಬ್ರೌಸರ್ ತೆರೆದಿರುವಾಗ ಪ್ರೊಸೆಸ್‌ಗಳ ಪಟ್ಟಿ ನೋಡಿ, ಅದರ ಸಾಲಿನಲ್ಲಿ ಸ್ಪಾಟ್ ಎಂದೇ ಇರಬೇಕು.

ಕ್ರೋಮ್ ಬಳಸುವವರಿಗೆ ಒಂದು ಮಾತು. ಅದು ರೂಟ್ ಆಗಿ ಓಡಲು ಒಪ್ಪುವುದಿಲ್ಲ, ನೋ-ಸ್ಯಾಂಡ್‌ಬಾಕ್ಸ್ ಎಂದು ಸೇರಿಸಿದರೆ ಒಪ್ಪುತ್ತದೆ. ಎಷ್ಟೋ ಜನ ಇದನ್ನೇ ಪರಿಹಾರ ಅಂತ ಹೇಳಿಕೊಡುತ್ತಾರೆ. ದಯವಿಟ್ಟು ಬೇಡ. ಪುಟಕ್ಕೂ ನಿಮ್ಮ ಸಿಸ್ಟಮ್‌ಗೂ ನಡುವೆ ಇರುವ ಗೋಡೆಯೇ ಸ್ಯಾಂಡ್‌ಬಾಕ್ಸ್. ರೂಟ್ ಅಧಿಕಾರ ಕೊಟ್ಟು ಗೋಡೆಯನ್ನೂ ಕೆಡವಿದರೆ ಇನ್ನೇನು ಉಳಿಯಿತು?

ಸ್ಪಾಟ್‌ನಿಂದ ಒಂದು ಕಿರಿಕಿರಿ ಖಂಡಿತ ಇದೆ. ಸ್ಕ್ಯಾನ್ ಮಾಡಿದ ಫೋಟೋ ರೂಟ್‌ನ ಫೋಲ್ಡರ್‌ನಲ್ಲಿ ಉಳಿದಿತ್ತು, ಸ್ಕಾಲರ್‌ಶಿಪ್ ಅರ್ಜಿಗೆ ಅಪ್‌ಲೋಡ್ ಮಾಡಲು ಹೋದರೆ ಬ್ರೌಸರ್‌ಗೆ ಆ ಫೋಲ್ಡರ್ ತೆರೆಯಲು ಅನುಮತಿಯೇ ಇಲ್ಲ. ಹುಡುಗಿ ಪಕ್ಕದಲ್ಲಿ ನಿಂತು ಕಾಯುತ್ತಿದ್ದಳು. ಫೋಟೋವನ್ನು ಸ್ಪಾಟ್‌ನ ಡೌನ್‌ಲೋಡ್ಸ್ ಫೋಲ್ಡರ್‌ಗೆ ಕಾಪಿ ಮಾಡಿ, ಓದುವ ಅನುಮತಿ ಕೊಟ್ಟ ಮೇಲೆ ಹೋಯಿತು. ಈಗ ಅಪ್‌ಲೋಡ್ ಆಗಬೇಕಾದ ಸ್ಕ್ಯಾನ್‌ಗಳನ್ನು ಭಾವ ಮೊದಲೇ ಅಲ್ಲಿಗೆ ಹಾಕುತ್ತಾರೆ, ಕೆಲಸ ಮುಗಿದ ತಕ್ಷಣ ಅಳಿಸುತ್ತಾರೆ. ಅಳಿಸಲೇಬೇಕು, ಯಾಕೆಂದರೆ ಆ ಫೋಲ್ಡರ್ ಬ್ರೌಸರ್‌ಗೆ ಕಾಣುತ್ತದೆ. ಅದೇ ಕಾರಣಕ್ಕೆ ಬ್ರೌಸರ್‌ನಲ್ಲಿ ಪಾಸ್‌ವರ್ಡ್ ಸೇವ್ ಮಾಡುವುದೂ ಬೇಡ.

ಸ್ಪಾಟ್ ಪೂರ್ತಿ ಕವಚ ಅಲ್ಲ. ಪಪ್ಪಿಯ ಪರದೆ ನಡೆಯುವುದು ಕಿಟಕಿಗಳನ್ನು ತೋರಿಸುವ ಎಕ್ಸ್11 ಎಂಬ ವ್ಯವಸ್ಥೆಯ ಮೇಲೆ, ಅಲ್ಲಿ ಒಂದು ಪ್ರೋಗ್ರಾಮ್ ಇನ್ನೊಂದರಲ್ಲಿ ಒತ್ತಿದ ಕೀಲಿಗಳನ್ನು ಕದ್ದು ನೋಡಬಹುದು. ಹಾಗಾಗಿ ಬ್ಯಾಂಕ್ ಕೆಲಸಕ್ಕೆ ಪಿಫಿಕ್ಸ್=ರ‍್ಯಾಮ್ (pfix=ram) ಎಂಬ ಬೂಟ್ ಆಯ್ಕೆ ಬಳಸುತ್ತೇವೆ. ಹಳೇ ಸೇವ್ ಫೈಲ್ ಲೋಡ್ ಆಗುವುದಿಲ್ಲ, ಹಾಗಾಗಿ ಅದರಲ್ಲಿ ಮೊದಲೇ ಏನಾದರೂ ತೂರಿಕೊಂಡಿದ್ದರೂ ಓಡುವುದಿಲ್ಲ. ಆಫ್ ಮಾಡುವಾಗ ಉಳಿಸು ಅನ್ನದಿದ್ದರೆ ಆಯಿತು. ಆದರೆ ಹೀಗೆ ಬೂಟ್ ಮಾಡಿದಾಗ ಸಿಗುವುದು ಮೂಲ ಕಟ್ಟಿನಲ್ಲಿದ್ದ ಹಳೇ ಬ್ರೌಸರ್, ಅಪ್‌ಡೇಟ್ ಆದದ್ದಲ್ಲ. ಮೊದಲು ಅಪ್‌ಡೇಟ್, ಆಮೇಲೆ ಬ್ಯಾಂಕ್. ಇಷ್ಟು ಕೆಲಸವನ್ನು ಬಳಸುವವರ ತಲೆಗೆ ಕಟ್ಟಿರುವುದಕ್ಕೇ ನಾನು ಪಪ್ಪಿಗೆ 5ಕ್ಕೆ 4 ಅಂಕ ಕೊಡುವುದು.

ಕನ್ನಡ ಚೌಕ ಚೌಕವಾಗಿ ಕಂಡರೆ ಲೋಹಿತ್ ಅಥವಾ ನೋಟೋ ಸಾನ್ಸ್ ಕನ್ನಡ ಫಾಂಟ್ ಹಾಕಿ, ಸರಿಹೋಗುತ್ತದೆ. ನಮ್ಮ ಬೆರಳ ಗುರುತು ತೆಗೆಯುವ ಸಾಧನಕ್ಕೆ ಇದರಲ್ಲಿ ಡ್ರೈವರ್ ಸಿಗಲಿಲ್ಲ, ಆ ಕೆಲಸ ಇನ್ನೂ ಪಕ್ಕದ ಕಂಪ್ಯೂಟರ್‌ನಲ್ಲೇ ನಡೆಯುತ್ತಿದೆ.